ಕೈಗಡಿಯಾರಕ್ಕೆ ಮನದ ಭಾರ ತಿಳಿದೀತೆ?

ಸೆಮಿನರಿಯಲ್ಲಿ ನಮ್ಮೊಡನೆ ಓದಿದ ಗುರುಗಳೊಬ್ಬರು ವಯನಾಡು ಜಿಲ್ಲೆಯಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಅವರನ್ನು ಕಾಣಲೆಂದು ನಾವು ಮೈಸೂರಿನಿಂದ ಹೊರಟು, ಎಚ್.ಡಿ. ಕೋಟೆ, ಬಾವಲಿ ಮಾರ್ಗವಾಗಿ ಮಾನಂದವಾಡಿಯ ಬಳಿಯ ಪಯ್ಯಂಪಳ್ಳಿಗೆ ಹೋಗಿದ್ದೆವು. ಕಬಿನಿಯ ದಡದ ಹಸಿರು ಊರು ಅದು. ಕಾಫಿ, ಕರಿಮೆಣಸು, ಅಡಿಕೆ, ಬಾಳೆ, ನಡುವೆ ಗದ್ದೆ ಬಯಲು. ಸಂತ ಕ್ಯಾಥರೀನರ ಹೆಸರಿನ ದೇವಾಲಯ, ಅದೇ ಹೆಸರಿನ ಶಾಲೆ. ಕುರುವ ದ್ವೀಪ ಅಲ್ಲಿಂದ ದೂರವಿಲ್ಲ. ಕಾಡಿನ ರಸ್ತೆ ರಾತ್ರಿ ಮುಚ್ಚುವುದರಿಂದ ಅಂದೇ ಹಿಂತಿರುಗುವಂತಿರಲಿಲ್ಲ. ಗೆಳೆಯರು ನಮ್ಮನ್ನು ಊಟಕ್ಕೂ ರಾತ್ರಿ ತಂಗುವುದಕ್ಕೂ ತಮಗೆ ಪರಿಚಯದ ರೈತ ಕುಟುಂಬವೊಂದಕ್ಕೆ ಕರೆದೊಯ್ದರು.

ಮನೆಯಲ್ಲಿ ಇಬ್ಬರೇ, ಅಪ್ಪಚ್ಚನ್ ಮತ್ತು ಅಮ್ಮಚ್ಚಿ. ಮಗಳು ಐರ್ಲೆಂಡಿನಲ್ಲಿ ನರ್ಸ್. ಕಪ್ಪ, ಮೀನುಸಾರು ಬಡಿಸಿ, ಕಟ್ಟನ್ ಕಾಪಿ ಕೊಟ್ಟ ಮೇಲೆ ಅಪ್ಪಚ್ಚನ್ ಮಗಳು ಕಳುಹಿಸಿದ ಹೊಸ ಕೈಗಡಿಯಾರವನ್ನು ತೋರಿಸಿದರು. "ಅಚ್ಚಾ, ಇದು ಬರೀ ಗಂಟೆ ಹೇಳುವ ವಾಚಲ್ಲ. ಎದೆ ಎಷ್ಟು ಸಲ ಹೊಡೆಯಿತು, ಎಷ್ಟು ಹೆಜ್ಜೆ ನಡೆದೆ, ಮನಸ್ಸಿಗೆ ಎಷ್ಟು ಟೆನ್ಶನ್ ಆಯಿತು, ಎಲ್ಲ ಹೇಳುತ್ತದೆ. ನಾನು ಇಲ್ಲಿ ಕಟ್ಟಿಕೊಂಡರೆ ಮಗಳು ಅಲ್ಲಿ ಫೋನಿನಲ್ಲಿ ನೋಡುತ್ತಾಳೆ" ಎಂದರು. ಮಾತಿನಲ್ಲಿ ಹೆಮ್ಮೆಯಿತ್ತು.

ಮಲಗುವ ಮುನ್ನ ಅವರು ಮಾಡಿದ ಒಂದು ಕೆಲಸ ಮಾತ್ರ ನಮಗೆ ವಿಚಿತ್ರವೆನಿಸಿತು. ಕೈಯಿಂದ ವಾಚನ್ನು ಬಿಚ್ಚಿ, ಯೇಸುವಿನ ಪವಿತ್ರ ಹೃದಯದ ಪಟದ ಕೆಳಗಿದ್ದ ಡಬ್ಬಿಯಲ್ಲಿಟ್ಟು ಮುಚ್ಚಿದರು. "ರಾತ್ರಿಯೂ ಕಟ್ಟಿಕೊಳ್ಳಬೇಕಲ್ಲವೆ?" ಎಂದು ನಾವು ಕೇಳಿದೆವು. ಅವರು ಉತ್ತರಿಸಲಿಲ್ಲ. ಅಮ್ಮಚ್ಚಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನಕ್ಕರು. ಆ ನಗುವಿನಲ್ಲಿ ನಗು ಇರಲಿಲ್ಲ.

ಆ ಡಬ್ಬಿಯ ಕಥೆಯನ್ನು ಮುಂದೆ ಹೇಳುತ್ತೇವೆ. ಮೊದಲು ಆ ವಾಚು ಏನು ಮಾಡುತ್ತದೆ ಎಂಬುದನ್ನು ತಿಳಿಯೋಣ. ಇಂದು ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಇಂಥ ವಾಚು ಬಂದಿದೆ. ಬೆಂಗಳೂರಿನಲ್ಲಿ ದುಡಿಯುವ ನಮ್ಮ ಮಕ್ಕಳು ಕೆಲವರು ಬೆರಳಿಗೆ ಉಂಗುರದಂತೆಯೂ ಧರಿಸುತ್ತಾರೆ. 2019ರಲ್ಲಿ ಆರಂಭವಾದ ಬೆಂಗಳೂರಿನ ಅಲ್ಟ್ರಾಹ್ಯೂಮನ್ ಕಂಪನಿ ಅಂಥ ಉಂಗುರವನ್ನು ತಯಾರಿಸಿ ಹೊರದೇಶಗಳಿಗೂ ಮಾರುತ್ತಿದೆ.

ಒತ್ತಡ ಎಂದರೇನು?

ಒತ್ತಡ ಬರೀ ಮನಸ್ಸಿನ ಮಾತಲ್ಲ. ಎದುರಿಗೆ ಹಾವು ಕಂಡರೆ ಬುದ್ಧಿ ಯೋಚಿಸುವ ಮೊದಲೇ ಕಾಲು ಹಿಂದೆ ಸರಿದಿರುತ್ತದೆ. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಎದೆ ಬಡಿತ ಹೆಚ್ಚುತ್ತದೆ, ಉಸಿರು ಚಿಕ್ಕದಾಗುತ್ತದೆ, ಅಂಗೈ ಬೆವರುತ್ತದೆ, ಬೆರಳು ತಣ್ಣಗಾಗುತ್ತದೆ. ಹೋರಾಡು, ಇಲ್ಲವೆ ಓಡು ಎಂದು ದೇಹ ಸಿದ್ಧವಾಗುತ್ತದೆ. ಅಮೆರಿಕದ ವಾಲ್ಟರ್ ಕ್ಯಾನನ್ ಇದನ್ನು ಸುಮಾರು ನೂರು ವರ್ಷಗಳ ಹಿಂದೆ ವಿವರಿಸಿದರು. ಅಪಾಯ ಬಹಳ ಕಾಲ ಮುಂದುವರಿದರೆ ಕಾರ್ಟಿಸಾಲ್ ಎಂಬ ಇನ್ನೊಂದು ರಸ ಕೆಲಸ ಮಾಡುತ್ತಲೇ ಇರುತ್ತದೆ. ಅದರಿಂದ ನಿದ್ರೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಹ್ಯಾನ್ಸ್ ಸೆಲ್ಯೆ ಎಂಬ ವೈದ್ಯ ವಿಜ್ಞಾನಿ 1936ರಲ್ಲಿ ಈ ವಿಷಯವನ್ನು ಪ್ರಕಟಿಸಿದರು. ವೈದ್ಯಶಾಸ್ತ್ರದಲ್ಲಿ 'ಸ್ಟ್ರೆಸ್' ಎಂಬ ಮಾತು ನೆಲೆಯೂರಿದ್ದು ಅವರಿಂದಲೇ.

ನಮ್ಮ ಹಿರಿಯರಿಗೆ ಈ ರಸಗಳ ಹೆಸರು ತಿಳಿದಿರಲಿಲ್ಲ. ಆದರೆ 'ಎದೆ ಡವಡವ ಎಂದಿತು', 'ಕೈಕಾಲು ತಣ್ಣಗಾಯಿತು', 'ಮೈ ಬೆವತುಹೋಯಿತು', 'ಹೊಟ್ಟೆಯಲ್ಲಿ ಸಂಕಟವಾಯಿತು' ಎಂದು ಅವರು ಹೇಳುತ್ತಿದ್ದ ಮಾತುಗಳೆಲ್ಲ ಇವೇ ಲಕ್ಷಣಗಳು. ಇಂದಿನ ಯಂತ್ರಗಳು ಅಳೆಯುವುದೂ ಬಹುಮಟ್ಟಿಗೆ ಇವನ್ನೇ.

ವಾಚಿನ ಬೆನ್ನಿನಲ್ಲಿ ಹಸಿರು ದೀಪ

ಇಂಥ ವಾಚನ್ನು ತಿರುಗಿಸಿ ನೋಡಿದರೆ ಹಸಿರು ದೀಪಗಳು ಮಿನುಗುವುದು ಕಾಣುತ್ತದೆ. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗಲೆಲ್ಲ ಮಣಿಕಟ್ಟಿನ ಸಣ್ಣ ನಾಳಗಳಿಗೆ ರಕ್ತ ನುಗ್ಗುತ್ತದೆ, ಆ ಕ್ಷಣ ಹಿಂದಿರುಗುವ ಬೆಳಕು ತುಸು ಕಡಿಮೆಯಾಗುತ್ತದೆ. ಈ ಏರಿಳಿತದಿಂದ ವಾಚು ಬಡಿತಗಳನ್ನು ಎಣಿಸುತ್ತದೆ.

ಎಣಿಕೆಗಿಂತ ಮುಖ್ಯವಾದದ್ದು ಬಡಿತಗಳ ನಡುವಿನ ಅಂತರ. ಆರೋಗ್ಯವಂತನ ಹೃದಯ ಗೋಡೆ ಗಡಿಯಾರದಂತೆ ಸಮನಾಗಿ ಬಡಿಯುವುದಿಲ್ಲ. ಉಸಿರು ಒಳಗೆಳೆದಾಗ ಸ್ವಲ್ಪ ವೇಗವಾಗಿ, ಹೊರಬಿಟ್ಟಾಗ ಸ್ವಲ್ಪ ನಿಧಾನವಾಗಿ ಬಡಿಯುತ್ತದೆ. ಮನಸ್ಸು ನೆಮ್ಮದಿಯಲ್ಲಿದ್ದಾಗ ಈ ವ್ಯತ್ಯಾಸ ಹೆಚ್ಚು. ದೇಹ ಬಿಗಿಯಾದಾಗ ವ್ಯತ್ಯಾಸ ಕುಗ್ಗುತ್ತದೆ. ವಾಚು ತೋರಿಸುವ 'ಸ್ಟ್ರೆಸ್' ಅಂಕಿ ಮುಖ್ಯವಾಗಿ ಇದರಿಂದಲೇ ಹುಟ್ಟುತ್ತದೆ. ಕೆಲವು ಯಂತ್ರಗಳು ಇನ್ನೊಂದು ದಾರಿ ಹಿಡಿಯುತ್ತವೆ. ಬೆವರು ಉಪ್ಪುನೀರು, ಅದರಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಚರ್ಮದ ಮೇಲೆ ನಮಗೆ ತಿಳಿಯದಷ್ಟು ಸಣ್ಣ ವಿದ್ಯುತ್ ಹರಿಸಿ, ಬೆವರು ಎಷ್ಟು ಒಸರಿದೆ ಎಂದು ಅವು ಅಳೆಯುತ್ತವೆ. ಬೆವರಿನಲ್ಲಿರುವ ಕಾರ್ಟಿಸಾಲ್ ರಸವನ್ನೇ ಅಳೆಯುವ ಪಟ್ಟಿಯೊಂದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 2018ರಲ್ಲಿ ಪ್ರಯೋಗಕ್ಕೆ ತಂದರು.

ಈ ಸೌಕರ್ಯ ಒಂದೇ ದಿನದಲ್ಲಿ ಬಂದದ್ದಲ್ಲ. ನಡೆದಾಡುವ ಮನುಷ್ಯನ ಹೃದಯದ ಗತಿಯನ್ನು ದಾಖಲಿಸಲು 1940ರ ದಶಕದ ಕೊನೆಯಲ್ಲಿ ಅಮೆರಿಕದ ನಾರ್ಮನ್ ಹೋಲ್ಟರ್ ಸುಮಾರು 38 ಕಿಲೋ ತೂಕದ ರೇಡಿಯೊ ಪೆಟ್ಟಿಗೆಯನ್ನು ಬೆನ್ನಿಗೆ ಹೊತ್ತುಕೊಳ್ಳಬೇಕಾಯಿತು. ಇಂದು ಹೃದ್ರೋಗ ತಜ್ಞರು ಒಂದು ದಿನದ ಮಟ್ಟಿಗೆ ಎದೆಗೆ ಅಂಟಿಸುವ 'ಹೋಲ್ಟರ್' ಎಂಬ ಪುಟ್ಟ ಯಂತ್ರ ಅವರ ಹೆಸರಿನದೇ.

ಕ್ರಿಸ್ಮಸ್ ರಜೆಯ ಒಂದು ಘಟನೆ

ಇಂಥ ಅಳತೆಯಿಂದ ಪ್ರಾಣ ಉಳಿಯುವುದೂ ಉಂಟು. ಅಮೆರಿಕದ ಎಂಐಟಿ ಸಂಸ್ಥೆಯ ಪ್ರಾಧ್ಯಾಪಕಿ ರೋಸಲಿಂಡ್ ಪಿಕಾರ್ಡ್ ಕ್ರಿಸ್ತನನ್ನು ನಂಬಿ ಬಾಳುವ ವಿಜ್ಞಾನಿ. ಅವರ ವಿದ್ಯಾರ್ಥಿಯೊಬ್ಬ ಕ್ರಿಸ್ಮಸ್ ರಜೆಗೆ ಮನೆಗೆ ಹೋಗುವಾಗ ಬೆವರು ಅಳೆಯುವ ಎರಡು ಪಟ್ಟಿಗಳನ್ನು ಕೇಳಿ ಪಡೆದ. ಅವನ ತಮ್ಮನಿಗೆ ಆಟಿಸಂ, ಮಾತು ಬಾರದು. ತಮ್ಮನಿಗೆ ಯಾವುದರಿಂದ ಕಷ್ಟವಾಗುತ್ತದೆ ಎಂದು ತಿಳಿಯುವುದು ಅಣ್ಣನ ಆಸೆ. ಒಂದು ದಿನ ಒಂದು ಕೈಯ ಪಟ್ಟಿ ಮಾತ್ರ ಹಿಂದೆಂದೂ ಕಾಣದಷ್ಟು ಎತ್ತರಕ್ಕೆ ಏರಿದ್ದನ್ನು ಪ್ರಾಧ್ಯಾಪಕಿ ಗಮನಿಸಿದರು. ಯಂತ್ರ ಕೆಟ್ಟಿತೆಂದು ಸುಮ್ಮನಾಗದೆ ಫೋನು ಮಾಡಿ ವಿಚಾರಿಸಿದರು. ಅದಾಗಿ ಸುಮಾರು 20 ನಿಮಿಷಕ್ಕೆ ಹುಡುಗನಿಗೆ ಅಪಸ್ಮಾರದ ಸೆಳವು ಬಂದಿತ್ತು! ಅಲ್ಲಿಂದ ಹೊಸ ಸಂಶೋಧನೆ ಆರಂಭವಾಯಿತು. ಅಪಸ್ಮಾರದ ದೊಡ್ಡ ಸೆಳವು ಬಂದಾಗ ಮನೆಯವರನ್ನು ಎಚ್ಚರಿಸುವ ಕೈಪಟ್ಟಿಗೆ 2018ರಲ್ಲಿ ಅಮೆರಿಕ ಸರಕಾರದ ಅನುಮತಿ ದೊರೆಯಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಅಂಕಿಯನ್ನು ಯಂತ್ರ ತೋರಿಸಿತು ನಿಜ. ಆದರೆ 'ನಿನ್ನ ತಮ್ಮನಿಗೆ ಅಂದು ಏನಾಯಿತು?' ಎಂದು ಕೇಳಿದ್ದು ಒಬ್ಬ ಮನುಷ್ಯ ಜೀವ. ಆ ಪ್ರಶ್ನೆ ಇಲ್ಲದಿದ್ದರೆ ಅಂಕಿ ಅಂಕಿಯಾಗಿಯೇ ಉಳಿಯುತ್ತಿತ್ತು.

ಪಯ್ಯಂಪಳ್ಳಿಯ ಒಂದು ಬೆಳಗು

ಈ ಮಾತು ಪಯ್ಯಂಪಳ್ಳಿಯವರಿಗೆ ತಿಳಿದಷ್ಟು ಚೆನ್ನಾಗಿ ಇನ್ನಾರಿಗೂ ತಿಳಿದಿರಲಾರದು. 2024ರ ಫೆಬ್ರವರಿ 10ರ ಬೆಳಗ್ಗೆ ಅಲ್ಲಿನ ಚಾಲಿಗದ್ದದಲ್ಲಿ ಕಾಡಾನೆಯೊಂದು ಒಬ್ಬ ರೈತರನ್ನು ಅಟ್ಟಿಸಿಕೊಂಡು ಬಂದಿತು. ಅವರು ಜೀವ ಉಳಿಸಿಕೊಳ್ಳಲು ಮನೆಯೊಂದರ ಅಂಗಳಕ್ಕೆ ಓಡಿದರು. ಆನೆಯೂ ಒಳನುಗ್ಗಿ ಅವರನ್ನು ತುಳಿದು ಕೊಂದಿತು. ಅಂಗಳದ ಸಿಸಿಟಿವಿಯಲ್ಲಿ ದಾಖಲಾದ ಆ ದೃಶ್ಯವನ್ನು ಅಂದು ನಾಡೆಲ್ಲ ನೋಡಿತು.

ಆ ಆನೆ ನಮ್ಮ ಕರ್ನಾಟಕದ್ದು. ಹಾಸನ ಜಿಲ್ಲೆಯ ಬೇಲೂರಿನ ಕಡೆ ಹಾವಳಿ ಮಾಡುತ್ತಿದ್ದ ದಂತವಿಲ್ಲದ ಗಂಡಾನೆ, 'ಬೇಲೂರು ಮಖ್ನಾ'. ನಮ್ಮ ಅರಣ್ಯ ಇಲಾಖೆಯವರು ಅದನ್ನು ಹಿಡಿದು, ಕೊರಳಿಗೆ ರೇಡಿಯೊ ಕಾಲರ್ ಕಟ್ಟಿ ಕಾಡಿಗೆ ಬಿಟ್ಟಿದ್ದರು. ಅಂದರೆ ಆ ಆನೆಯೂ ಮೈಮೇಲೆ ಸೆನ್ಸರ್ ಧರಿಸಿತ್ತು. ಅದು ಎಲ್ಲಿದೆ ಎಂದು ಕಾಲರ್ ಹೇಳುತ್ತಿತ್ತು. ಆದರೆ ಅಂದು ಬೆಳಗ್ಗೆ ಆ ದಾರಿಯಲ್ಲಿ ನಡೆದುಬರುತ್ತಿದ್ದ ಮನುಷ್ಯನಿಗೆ ಯಾರೂ ಹೇಳಲಿಲ್ಲ. ಸುದ್ದಿ ಯಾರಿಗೆ, ಯಾವಾಗ ತಲುಪಿತು ಎಂದು ಎರಡು ರಾಜ್ಯಗಳ ನಡುವೆ ಆಮೇಲೆ ವಾದ ನಡೆಯಿತು. ಕಾಡಾನೆಗೆ ರಾಜ್ಯದ ಗಡಿ ಗೊತ್ತಿಲ್ಲ. ಕೆಲವು ದಿನಗಳ ಹುಡುಕಾಟದ ನಂತರ ಅದು ಮತ್ತೆ ಕರ್ನಾಟಕದ ಕಾಡಿಗೆ ದಾಟಿತು. ಚಾಲಿಗದ್ದ ಎಂಬ ಹೆಸರಿನಲ್ಲಿಯೂ ನಮ್ಮ ಕಿವಿಗೆ ಕನ್ನಡದ ಗದ್ದೆಯೇ ಕೇಳುತ್ತದೆ. ಗಡಿಯ ಆಚೆಯವರ ಕಣ್ಣೀರು ನಮ್ಮದಲ್ಲ ಎನ್ನುವುದು ಹೇಗೆ?

ಇನ್ನೊಂದು ಸೋಜಿಗವನ್ನೂ ಹೇಳಬೇಕು. ಆನೆಗಳ ಒತ್ತಡವನ್ನೂ ವಿಜ್ಞಾನಿಗಳು ಅಳೆದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಆನೆಯನ್ನು ಮುಟ್ಟದೆ, ಅದರ ಲದ್ದಿಯನ್ನು ಸಂಗ್ರಹಿಸಿ, ಅದರಲ್ಲಿರುವ ಒತ್ತಡದ ರಸದ ಅಂಶವನ್ನು ಪರೀಕ್ಷಿಸಿದರು. ಹಸಿವಿನಿಂದ ಬಡಕಲಾದ ಆನೆಗಳಲ್ಲಿ ಅದು ಹೆಚ್ಚಾಗಿ ಕಂಡಿತು. ಬೆಳೆಯ ನಡುವೆ ಓಡಾಡುವ ಆನೆಗಳಲ್ಲಿ ಕಾಡಿನ ಆನೆಗಳಿಗಿಂತ ಕಡಿಮೆಯಾಗಿ ಕಂಡಿತು. ಒಳ್ಳೆಯ ಮೇವು ಸಿಗುವುದೇ ಕಾರಣವಿರಬಹುದೆಂದು ಅವರು ಭಾವಿಸಿದರು. ಆನೆಗೆ ನೆಮ್ಮದಿಯಾದ ಗದ್ದೆಯಲ್ಲಿ ರೈತನಿಗೆ ನಿದ್ರೆ ಇಲ್ಲ!

ಡಬ್ಬಿಯೊಳಗಿನ ವಾಚು

ನಾವು ತಂಗಿದ್ದ ಆ ರಾತ್ರಿ ಒಂದೂವರೆ ಗಂಟೆಯ ಹೊತ್ತಿಗೆ ದೂರದಲ್ಲಿ ಪಟಾಕಿ ಸಿಡಿಯಿತು. ನಾಯಿಗಳು ಬೊಗಳಿದವು. ಎದ್ದು ನೋಡಿದರೆ ಅಪ್ಪಚ್ಚನ್ ಟಾರ್ಚು ಹಿಡಿದು ಕಿಟಕಿಯ ಬಳಿ ನಿಂತಿದ್ದಾರೆ, ಅಮ್ಮಚ್ಚಿ ಜಪಸರ ಹಿಡಿದು ಕುಳಿತಿದ್ದಾರೆ. ಆನೆ ನಮ್ಮ ಕಡೆಗೆ ಬರಲಿಲ್ಲ. ಆದರೂ ಬೆಳಗಿನವರೆಗೆ ಮೂವರಲ್ಲಿ ಯಾರಿಗೂ ನಿದ್ರೆ ಹತ್ತಲಿಲ್ಲ.

ಬೆಳಗ್ಗೆ ಅಮ್ಮಚ್ಚಿ ನಡೆದದ್ದನ್ನು ಹೇಳಿದರು. ವಾಚು ಬಂದ ಹೊಸದರಲ್ಲಿ ಅಪ್ಪಚ್ಚನ್ ರಾತ್ರಿಯೂ ಕಟ್ಟಿಕೊಳ್ಳುತ್ತಿದ್ದರು. ಮಗಳಿಗೆ ಅಲ್ಲಿ ನಡುರಾತ್ರಿಯ ಅಂಕಿಗಳು ಏರಿದ್ದು ಕಂಡವು. ದಿನವೂ ಫೋನು. "ಪಪ್ಪಾ, ಏನಾಗಿದೆ? ಡಾಕ್ಟರರಿಗೆ ತೋರಿಸಿದಿರಾ?" ಆನೆಯ ಕಾಟವನ್ನು ಹೇಳಿದರೆ ಅವಳು ಕೆಲಸ ಬಿಟ್ಟು ಓಡಿಬರುತ್ತಾಳೆ ಎಂಬ ಭಯ. ಕರಿಮೆಣಸಿನ ಬಳ್ಳಿಗೆ ಸೊರಗು ರೋಗ ಬಂದು ಬ್ಯಾಂಕಿನ ಸಾಲ ಬೆಳೆದಿದೆ ಎಂದರೆ ಅವಳು ತಿನ್ನುವುದನ್ನು ಬಿಟ್ಟು ಹಣ ಕಳುಹಿಸುತ್ತಾಳೆ ಎಂಬ ಸಂಕಟ. ಕೊನೆಗೆ ಅವರು ಕಂಡುಕೊಂಡ ಉಪಾಯ, ರಾತ್ರಿ ವಾಚನ್ನು ಡಬ್ಬಿಯಲ್ಲಿಡುವುದು. ಮಗಳು ಕೇಳಿದರೆ "ಚಾರ್ಜಿಗೆ ಹಾಕಿದ್ದೆ" ಎನ್ನುವುದು. ಹಗಲಿನ ಅಂಕಿಗಳು ಚೆನ್ನಾಗಿದ್ದವು. ಮಗಳು ದೇವರಿಗೆ ವಂದನೆ ಸಲ್ಲಿಸಿ ನೆಮ್ಮದಿಯಾಗಿದ್ದಳು.

"ನನ್ನ ಕೈಗೆ ವಾಚಿಲ್ಲ ಅಚ್ಚಾ. ಆದರೆ ಇವರ ಎದೆ ಹೊಡೆದುಕೊಳ್ಳುವುದು ವಾಚಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನನ್ನದು ಹೊಡೆದುಕೊಳ್ಳುವುದು ಯಾರಿಗೂ ಗೊತ್ತಿಲ್ಲ" ಎಂದರು ಅಮ್ಮಚ್ಚಿ.

ಗುರುಗಳಾಗಿ ನಾವು ಎಷ್ಟೋ ಮನೆಗಳಿಗೆ ಹೋಗುತ್ತೇವೆ. ಆಶೀರ್ವದಿಸುತ್ತೇವೆ, ಕಾಫಿ ಕುಡಿಯುತ್ತೇವೆ, 'ಚೆನ್ನಾಗಿದ್ದೀರಾ?' ಎಂದು ಕೇಳಿ 'ಚೆನ್ನಾಗಿದ್ದೇವೆ' ಎಂಬ ಉತ್ತರ ಪಡೆದು ಎದ್ದು ಬರುತ್ತೇವೆ. ಅದು ಹಗಲಿನ ಅಂಕಿ. ರಾತ್ರಿಯದು ಡಬ್ಬಿಯಲ್ಲಿರುತ್ತದೆ. ಅಮ್ಮಚ್ಚಿಯ ಮಾತು ಕೇಳಿ ನಮಗೆ ನಾಚಿಕೆಯಾಯಿತು.

ವಾಚು ತಪ್ಪುವುದೂ ಉಂಟು

ಹಾಗೆಂದು ವಾಚಿನ ಅಂಕಿಯನ್ನೇ ವೇದವಾಕ್ಯವೆಂದು ನಂಬುವುದೂ ಸರಿಯಲ್ಲ. ನೆದರ್‌ಲೆಂಡ್ಸಿನ ಲೈಡನ್ ವಿಶ್ವವಿದ್ಯಾನಿಲಯದವರು ಸುಮಾರು 800 ಯುವಜನರಿಗೆ ಮೂರು ತಿಂಗಳು ಇಂಥ ವಾಚು ಕಟ್ಟಿಸಿ, ದಿನಕ್ಕೆ ಹಲವು ಬಾರಿ 'ಈಗ ನಿಮಗೆ ಹೇಗನಿಸುತ್ತಿದೆ?' ಎಂದು ಕೇಳಿದರು. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವಾಚು ಹೇಳಿದ ಒತ್ತಡಕ್ಕೂ ಅವರು ಅನುಭವಿಸಿದ ಒತ್ತಡಕ್ಕೂ ಹೆಚ್ಚುಕಡಿಮೆ ಸಂಬಂಧವೇ ಕಾಣಲಿಲ್ಲ. ನಿದ್ರೆಯ ವಿಷಯದಲ್ಲಿ ಮಾತ್ರ ವಾಚು ವಾಸಿ.

ಕಾರಣ ಸರಳ. ಮದುವೆಯ ಸಂಭ್ರಮದಲ್ಲೂ ಎದೆ ಬಡಿಯುತ್ತದೆ, ಸಾಲದ ನೋಟಿಸು ಕಂಡಾಗಲೂ ಬಡಿಯುತ್ತದೆ. ಜ್ವರ, ಗಟ್ಟಿ ಕಾಫಿ, ಮದ್ಯ, ಬೆಟ್ಟ ಹತ್ತುವುದು, ಎಲ್ಲವೂ ಅಂಕಿಯನ್ನು ಏರಿಸುತ್ತವೆ. ಪಟ್ಟಿ ಸಡಿಲವಾದರೂ, ಕೈ ಹೆಚ್ಚು ಅಲ್ಲಾಡಿದರೂ ಲೆಕ್ಕ ತಪ್ಪುತ್ತದೆ. ದೇಹ ಎಚ್ಚೆತ್ತಿದೆ ಎಂದಷ್ಟೇ ವಾಚು ಹೇಳಬಲ್ಲದು. ಯಾಕೆ ಎಂಬುದು ಅದಕ್ಕೆ ತಿಳಿಯದು. ಅಂಕಿಯನ್ನು ಗಳಿಗೆಗೊಮ್ಮೆ ನೋಡಿ ಅದರಿಂದಲೇ ಗಾಬರಿಯಾಗುವವರೂ ಇದ್ದಾರೆ. ಜೊತೆಗೆ, ನಮ್ಮ ಎದೆಯ ಬಡಿತದ ವಿವರ ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಶೇಖರವಾಗುತ್ತದೆ ಎಂಬ ಎಚ್ಚರವೂ ಬೇಕು.

ದೇವರ ವಾಕ್ಯದ ಬೆಳಕಿನಲ್ಲಿ

ಗೆತ್ಸೆಮನಿ ತೋಪಿನಲ್ಲಿ ಪ್ರಭು ಯೇಸು ಪಟ್ಟ ಯಾತನೆಯನ್ನು ಶುಭಸಂದೇಶಗಳಲ್ಲಿ ಓದುತ್ತೇವೆ. ಅಲ್ಲಿ ಅವರ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿದ್ದುದನ್ನು ಬರೆದವರು ಸಂತ ಲೂಕರೊಬ್ಬರೇ. ಪರಂಪರೆಯ ಪ್ರಕಾರ ಅವರು ವೈದ್ಯರು. ದೇಹದ ಗುರುತನ್ನು ವೈದ್ಯನ ಕಣ್ಣು ಬಿಡಲಿಲ್ಲ. ದೇವಪುತ್ರನ ದೇಹವೂ ಒತ್ತಡವನ್ನು ಅನುಭವಿಸಿತು ಎಂದ ಮೇಲೆ, ಎದೆ ನಡುಗುವುದು ವಿಶ್ವಾಸದ ಕೊರತೆ ಎಂದು ನಾವು ಯಾರನ್ನೂ ಹೀಯಾಳಿಸಬಾರದು. ಆ ರಾತ್ರಿ ಪ್ರಭು ಶಿಷ್ಯರಿಂದ ಬಯಸಿದ್ದು ಒಂದೇ, ತಮ್ಮೊಡನೆ ಎಚ್ಚರವಾಗಿರಲಿ ಎಂದು. ಅವರು ನಿದ್ರೆ ಹೋದರು.

ಹಳೆಯ ಒಡಂಬಡಿಕೆಯ ಪ್ರವಾದಿ ಎಲೀಯ ರಾಣಿಗೆ ಹೆದರಿ ಓಡಿ, ಜಾಲಿಗಿಡದ ಕೆಳಗೆ ಬಿದ್ದು, ಸಾಯುವುದೇ ಮೇಲೆಂದು ಮೊರೆಯಿಟ್ಟರು. ದೇವದೂತ ಅವರಿಗೆ ಮೊದಲು ಉಪದೇಶ ಮಾಡಲಿಲ್ಲ. ನಿದ್ರೆ ಮಾಡಗೊಟ್ಟು, ತಟ್ಟಿ ಎಬ್ಬಿಸಿ, ರೊಟ್ಟಿ ಕೊಟ್ಟು, ನೀರು ಕೊಟ್ಟು, ಮತ್ತೆ ಮಲಗಗೊಟ್ಟ. ಉಪದೇಶ ಮಾಡುವ ನಮ್ಮಂಥವರು ಮೊದಲು ಕಲಿಯಬೇಕಾದ ಪಾಠವಿದು.

ಪ್ರಾರ್ಥನೆಗೂ ದೇಹಕ್ಕೂ ನಂಟಿದೆ. ಇಟಲಿಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 23 ಮಂದಿಯಿಂದ ಲತೀನ್ ಭಾಷೆಯಲ್ಲಿ 'ನಮೋ ಮರಿಯೆ' ಜಪವನ್ನು ಹೇಳಿಸಿದರು. ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು ಹೃದಯದ ಲಯ ಹಿತವಾಗುವುದನ್ನು ಕಂಡು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಬೌದ್ಧರ ಮಂತ್ರ ಪಠಣದಿಂದಲೂ ಅದೇ ಫಲ ಕಂಡಿತು ಎಂಬುದನ್ನೂ ಪ್ರಾಮಾಣಿಕವಾಗಿ ಬರೆದರು. ಜಪಸರ ಔಷಧಿಯಲ್ಲ, ಅದು ಪ್ರಾರ್ಥನೆ. ಆದರೆ ಪ್ರಾರ್ಥಿಸುವ ಮನದ ಜೊತೆಗೆ ದೇಹಕ್ಕೂ ಸೃಷ್ಟಿಕರ್ತ ವಿಶ್ರಾಂತಿಯನ್ನಿಟ್ಟಿದ್ದಾನೆ. ಅಮ್ಮಚ್ಚಿ ಆ ರಾತ್ರಿ ಜಪಸರ ಹಿಡಿದದ್ದು ಸುಮ್ಮನೆ ಅಲ್ಲ.

ನಮ್ಮ ಮನೆಗಳಲ್ಲಿ ಏನು ಮಾಡೋಣ?

1. ವಾಚಿನ ಒಂದು ದಿನದ ಅಂಕಿಗೆ ಹೆದರಬೇಡಿ. ಕೆಲವು ವಾರಗಳ ನಿದ್ರೆ, ಬಡಿತ ಹೇಗಿದೆ ನೋಡಿ. ಕೆಡುತ್ತಲೇ ಹೋದರೆ ವೈದ್ಯರ ಬಳಿ ಹೋಗಿ ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ.

2. ಎದೆನೋವು, ಎಡಗೈ ಸೆಳೆತ, ಉಸಿರುಗಟ್ಟುವಿಕೆ ಕಂಡರೆ ವಾಚು ಏನು ಹೇಳುತ್ತದೆಂದು ನೋಡುತ್ತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

3. ದೂರದಲ್ಲಿರುವ ಮಕ್ಕಳು ಅಂಕಿ ನೋಡಿ ಗದರುವ ಬದಲು, 'ನಿನ್ನೆ ರಾತ್ರಿ ಏನಾಯಿತು?' ಎಂದು ಕೇಳಲಿ. ತಂದೆತಾಯಂದಿರು ಸತ್ಯವನ್ನು ಹೇಳಲಿ.

4. ವಾಚಿಲ್ಲದವರನ್ನು ಮರೆಯಬೇಡಿ. ಸಾಮಾನ್ಯವಾಗಿ ಅದು ಮನೆಯ ತಾಯಿ.

5. ಮನಸ್ಸಿನ ಭಾರ ತಾಳಲಾರದಾದಾಗ ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನ ನೀಡುತ್ತಿದೆ. ಕನ್ನಡದಲ್ಲಿಯೂ ಮಾತನಾಡುತ್ತಾರೆ. ನಿಮ್ಮ ಧರ್ಮಕೇಂದ್ರದ ಗುರುಗಳ ಬಾಗಿಲೂ ತೆರೆದಿದೆ.

ಪಯ್ಯಂಪಳ್ಳಿಯಿಂದ ನಾವು ಹೊರಡುವ ಮೊದಲು ಗೆಳೆಯರಾದ ಗುರುಗಳು ಅಪ್ಪಚ್ಚನ್ ಅವರನ್ನು ಕೂರಿಸಿಕೊಂಡು ಬಹಳ ಹೊತ್ತು ಮಾತನಾಡಿದರು. ಅಂದು ಸಂಜೆ ಅವರು ಮಗಳಿಗೆ ಎಲ್ಲವನ್ನೂ ಹೇಳಿದರಂತೆ, ಆನೆಯನ್ನೂ, ಸಾಲವನ್ನೂ. ಮಗಳು ಅತ್ತಳಂತೆ. "ನನ್ನಿಂದ ಯಾಕೆ ಮುಚ್ಚಿಟ್ಟಿರಿ?" ಎಂದು ಜಗಳವಾಡಿದಳಂತೆ. ಮರುವಾರ ವೈದ್ಯರು ನೋಡಿ ರಕ್ತದೊತ್ತಡಕ್ಕೆ ಮಾತ್ರೆ ಬರೆದುಕೊಟ್ಟರು. ಆನೆ ಕಂಡಾಗ ಒಬ್ಬರಿಗೊಬ್ಬರು ತಿಳಿಸಲು ಅಕ್ಕಪಕ್ಕದ ಮನೆಯವರು ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಆನೆ ಬರುವುದು ನಿಂತಿಲ್ಲ, ಸಾಲವೂ ತೀರಿಲ್ಲ.

ಮೊನ್ನೆ ಗೆಳೆಯರು ಫೋನು ಮಾಡಿದಾಗ ನಾವು ವಿಚಾರಿಸಿದೆವು. ಅಪ್ಪಚ್ಚನ್ ಈಗ ರಾತ್ರಿಯೂ ವಾಚು ಕಟ್ಟಿಕೊಂಡೇ ಮಲಗುತ್ತಾರಂತೆ. ಡಬ್ಬಿಯಲ್ಲಿ ಅಮ್ಮಚ್ಚಿ ಮಾತ್ರೆಗಳನ್ನು ಇಡುತ್ತಿದ್ದಾರೆ.